ಮುಖದ ವಿಡಿಯೋದಿಂದ ನಾಡಿ ಹಿಡಿಯುವುದು ಹೇಗೆ, ಸಿಕ್ಕ ನಂಬರ್ ನಿಜವೇ ಅಂತ ತಿಳಿಯುವುದು ಹೇಗೆ

ಮೊದಲ ಸಲ ನಾನು ಬರೆದ ಪ್ರೋಗ್ರಾಮ್ ವೆಬ್‌ಕ್ಯಾಮ್‌ನಲ್ಲಿ ನನ್ನ ಮುಖ ನೋಡಿ ನಿಮಿಷಕ್ಕೆ 72 ಬಡಿತ ಅಂತ ಹೇಳಿದಾಗ ಆದ ಖುಷಿ ಅಷ್ಟಿಷ್ಟಲ್ಲ. ಕೈಗೆ ಏನೂ ಕಟ್ಟಿಲ್ಲ, ಬೆರಳಿಗೆ ಏನೂ ಸಿಕ್ಕಿಸಿಲ್ಲ, ಬರೀ ಕ್ಯಾಮೆರಾ. ಆಮೇಲೆ ನೀರು ಕುಡಿಯಲು ಎದ್ದು ಹೋದೆ. ವಾಪಸ್ ಬಂದು ನೋಡಿದರೆ ಖಾಲಿ ಕುರ್ಚಿ, ಅದರ ಹಿಂದಿನ ಗೋಡೆಗೆ 74 ಬಡಿತ. ಗೋಡೆಗೂ ಕಿವಿ ಇರುತ್ತದೆ ಅಂತ ಕೇಳಿದ್ದೆ, ಎದೆಯೂ ಇರುತ್ತದೆ ಅಂತ ಗೊತ್ತಾಗಿದ್ದು ಅವತ್ತೇ.

ತಪ್ಪು ಎಲ್ಲಿತ್ತು ಅಂತ ಮುಂದೆ ಹೇಳುತ್ತೇನೆ. ಇದನ್ನು ಮಾಡಿ ನೋಡಬೇಕು ಅನ್ನುವವರು ಒಂದು ವಿಷಯ ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ಈ ಕೆಲಸದಲ್ಲಿ ನಂಬರ್ ಬರಿಸುವುದು ಸುಲಭ. ಯಾವ ವಿಡಿಯೋ ಕೊಟ್ಟರೂ ಒಂದು ನಂಬರ್ ಬಂದೇ ಬರುತ್ತದೆ. ಕಷ್ಟ ಇರುವುದು ಆ ನಂಬರ್ ನಿಮ್ಮ ಎದೆಯಿಂದ ಬಂತೋ, ಟ್ಯೂಬ್‌ಲೈಟಿನಿಂದ ಬಂತೋ ಅಂತ ಹೇಳುವುದರಲ್ಲಿ.

ಇದು ಕೆಲಸ ಮಾಡುವುದು ಯಾಕೆ

ಎದೆ ಒಂದು ಸಲ ಬಡಿದಾಗ ಮುಖದ ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳಲ್ಲಿ ರಕ್ತ ತುಸು ಜಾಸ್ತಿಯಾಗುತ್ತದೆ, ಮತ್ತೆ ಕಡಿಮೆಯಾಗುತ್ತದೆ. ರಕ್ತದಲ್ಲಿರುವ ಹಿಮೋಗ್ಲೋಬಿನ್ ಬೆಳಕನ್ನು ಹೀರುತ್ತದೆ. ಹಾಗಾಗಿ ರಕ್ತ ಜಾಸ್ತಿ ಇದ್ದ ಕ್ಷಣದಲ್ಲಿ ಚರ್ಮ ಕೂದಲೆಳೆಯಷ್ಟು ಮಂಕಾಗುತ್ತದೆ. ನಮ್ಮ ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಗೆ ಕಾಣುತ್ತದೆ.

ಎಲ್ಲ ಬಣ್ಣಕ್ಕೂ ಇದು ಒಂದೇ ರೀತಿ ಆಗುವುದಿಲ್ಲ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ 540 ಮತ್ತು 577 ನ್ಯಾನೋಮೀಟರ್ ಹತ್ತಿರದ ಬೆಳಕನ್ನು, ಅಂದರೆ ಹಸಿರು–ಹಳದಿ ಭಾಗವನ್ನು, ಚೆನ್ನಾಗಿ ಹೀರುತ್ತದೆ. ಕೆಂಪು ಬೆಳಕನ್ನು ಅಷ್ಟಾಗಿ ಮುಟ್ಟುವುದಿಲ್ಲ. ನೀಲಿ ಬೆಳಕು ಚರ್ಮದ ಒಳಗೆ ಜಾಸ್ತಿ ಇಳಿಯುವುದೇ ಇಲ್ಲ. ಆದ್ದರಿಂದ ಕ್ಯಾಮೆರಾದ ಮೂರು ಬಣ್ಣಗಳಲ್ಲಿ ನಾಡಿ ಎದ್ದು ಕಾಣುವುದು ಹಸಿರಿನಲ್ಲಿ. ಕೋಣೆಯ ಮಾಮೂಲಿ ಬೆಳಕು, ಮಾಮೂಲಿ ಕ್ಯಾಮೆರಾ ಇದ್ದರೂ ಸಾಕು ಅಂತ 2008ರಲ್ಲಿ ವರ್ಕ್ರೌಸ್ ಮತ್ತು ಜೊತೆಗಾರರು ತೋರಿಸಿದರು. 2010ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪೋ, ಮೆಕ್‌ಡಫ್, ಪಿಕಾರ್ಡ್ ಲ್ಯಾಪ್‌ಟಾಪ್ ವೆಬ್‌ಕ್ಯಾಮ್‌ನಲ್ಲೇ ಮಾಡಿ ತೋರಿಸಿದರು. ಅಲ್ಲಿಂದ ಇದು ಮನೆಯಲ್ಲಿ ಕೂತು ಮಾಡುವ ಕೆಲಸವಾಯಿತು. ಇದಕ್ಕೆ ಆರ್‌ಪಿಪಿಜಿ (ರಿಮೋಟ್ ಫೋಟೋಪ್ಲೆತಿಸ್ಮೋಗ್ರಫಿ) ಅಂತ ಕರೆಯುತ್ತಾರೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ನಾಡಿ ಹಿಡಿಯುವ ರೀತಿಯನ್ನೇ ದೂರದಿಂದ ಮಾಡುವುದು.

ಇನ್ನೊಂದು ಮಾತು. ನಾವು ಅಳೆಯುತ್ತಿರುವುದು ರಕ್ತ ಎಷ್ಟು ವೇಗವಾಗಿ ಹರಿಯುತ್ತಿದೆ ಅಂತ ಅಲ್ಲ, ಒಂದು ಜಾಗದಲ್ಲಿ ರಕ್ತದ ಪ್ರಮಾಣ ಹೇಗೆ ಏರಿಳಿಯುತ್ತಿದೆ ಅಂತ. ಚರ್ಮದಲ್ಲಿ ಹರಿವನ್ನೇ ಅಳೆಯಲು ಲೇಸರ್ ಬಳಸುವ ಬೇರೆ ಸಲಕರಣೆಗಳಿವೆ.

ಮೊದಲು ರೆಕಾರ್ಡಿಂಗ್, ಅದು ಕೆಟ್ಟರೆ ಎಲ್ಲ ಕೆಟ್ಟಂತೆ

ಹೆಚ್ಚಿನವರು ಎಡವುವುದು ಇಲ್ಲಿ, ಕೋಡ್‌ನಲ್ಲಿ ಅಲ್ಲ. ನಮಗೆ ಬೇಕಾದ ಬದಲಾವಣೆ ಎಷ್ಟು ಸಣ್ಣದು ಅಂದರೆ, 0ಯಿಂದ 255ರವರೆಗಿನ ಅಳತೆಯಲ್ಲಿ ಅದು ಹಲವು ಸಲ ಒಂದು ಅಂಕಿಯಷ್ಟೂ ಇರುವುದಿಲ್ಲ. ಅಷ್ಟು ಸಣ್ಣದನ್ನು ಹಿಡಿಯಲು ಹೊರಟಾಗ ಕ್ಯಾಮೆರಾ ತನ್ನ ಬುದ್ಧಿವಂತಿಕೆ ತೋರಿಸಲು ಬಂದರೆ ಕಥೆ ಮುಗಿಯಿತು.

ಅದಕ್ಕೇ ಆಟೋ ಅನ್ನುವುದೆಲ್ಲ ಆಫ್ ಮಾಡಿ. ಆಟೋ ಎಕ್ಸ್‌ಪೋಶರ್, ಆಟೋ ವೈಟ್ ಬ್ಯಾಲೆನ್ಸ್, ಆಟೋ ಫೋಕಸ್, ಎಚ್‌ಡಿಆರ್, ಮುಖ ನುಣುಪು ಮಾಡುವ ಬ್ಯೂಟಿ ಫಿಲ್ಟರ್, ಹಿನ್ನೆಲೆ ಮಸುಕು ಮಾಡುವುದು, ಎಲ್ಲವೂ. ಬ್ಯೂಟಿ ಫಿಲ್ಟರ್‌ಗೆ ಚರ್ಮದ ಸಣ್ಣ ಬದಲಾವಣೆ ಅಳಿಸುವುದೇ ಕೆಲಸ, ನಮಗೆ ಬೇಕಾಗಿರುವುದೂ ಅದೇ ಸಣ್ಣ ಬದಲಾವಣೆ. ಫೋನಿನ ಮಾಮೂಲಿ ಕ್ಯಾಮೆರಾ ಆ್ಯಪ್‌ನಲ್ಲಿ ಇವನ್ನು ಲಾಕ್ ಮಾಡಲು ಆಗದಿದ್ದರೆ ಮ್ಯಾನುಯಲ್ ಕಂಟ್ರೋಲ್ ಕೊಡುವ ಆ್ಯಪ್ ಹುಡುಕಿ. ವೆಬ್‌ಕ್ಯಾಮ್ ಆದರೆ ಓಪನ್‌ಸಿವಿ ಅನ್ನುವ ಉಚಿತ ಕೋಡ್ ಸಂಗ್ರಹದಿಂದಲೇ ಹೇಳಬಹುದು, ಆದರೆ ಕೆಲವು ಕ್ಯಾಮೆರಾಗಳು ಹೂಂ ಅಂದು ಸುಮ್ನೆ ಇದ್ದುಬಿಡುತ್ತವೆ. ಲಾಕ್ ಆಗಿದೆಯಾ ಅಂತ ನೋಡಲು ಲೆನ್ಸ್ ಮುಂದೆ ಒಂದು ಬಿಳಿ ಹಾಳೆ ತಂದು ನೋಡಿ. ಉಳಿದ ಚಿತ್ರದ ಹೊಳಪು ಬದಲಾದರೆ ಲಾಕ್ ಆಗಿಲ್ಲ.

ಬೆಳಕು ಜಾಸ್ತಿ ಇರಲಿ, ಮುಖದ ಮುಂದಿನಿಂದ ಬರಲಿ. ಕಿಟಕಿಯ ಬೆಳಕು ಒಳ್ಳೆಯದೇ, ಆದರೆ ಮೋಡ ಬಂದು ಹೋದರೆ ಗ್ರಾಫ್ ಏರಿಳಿಯುತ್ತದೆ. ಬೆಳಕು ಕಡಿಮೆಯಾದರೆ ಇನ್ನೊಂದು ತೊಂದರೆ ಇದೆ. ಎಷ್ಟೋ ವೆಬ್‌ಕ್ಯಾಮ್‌ಗಳು ನಿಮಗೆ ಹೇಳದೇ ಸೆಕೆಂಡಿಗೆ 30 ಫ್ರೇಮ್‌ನಿಂದ 15ಕ್ಕೆ ಇಳಿದುಬಿಡುತ್ತವೆ. ನೀವು 30 ಅಂತಲೇ ಲೆಕ್ಕ ಹಾಕುತ್ತಾ ಹೋದರೆ 70ರ ನಾಡಿ 140 ಆಗಿ ಕಾಣುತ್ತದೆ.

ಹಲವು ವಿದ್ಯುತ್ ದೀಪಗಳು ಮಿನುಗುತ್ತವೆ, ನಮಗೆ ಗೊತ್ತಾಗುವುದಿಲ್ಲ ಅಷ್ಟೇ. 50 ಹರ್ಟ್ಸ್ (ಅಂದರೆ ಸೆಕೆಂಡಿಗೆ 50 ಆವರ್ತ) ಕರೆಂಟ್ ಇರುವ ಕಡೆ ಸೆಕೆಂಡಿಗೆ 100 ಸಲ, 60 ಇರುವ ಕಡೆ 120 ಸಲ. ಇದಕ್ಕೂ ನಾಡಿಗೂ ಏನು ಸಂಬಂಧ ಅಂದರೆ, ಕ್ಯಾಮೆರಾ ಬಿಟ್ಟು ಬಿಟ್ಟು ನೋಡುವುದರಿಂದ ಆ ವೇಗದ ಮಿನುಗು ನಿಧಾನದ ಅಲೆಯಾಗಿ ಮೋಸ ಮಾಡುತ್ತದೆ. 100ರ ಮಿನುಗನ್ನು 30 ಫ್ರೇಮ್‌ನಲ್ಲಿ ಹಿಡಿದರೆ 10 ಹರ್ಟ್ಸ್ ಅಲೆ ಬರುತ್ತದೆ, ಅದು ನಾಡಿಯಿಂದ ದೂರ, ಪರವಾಗಿಲ್ಲ. ಅದನ್ನೇ 24 ಫ್ರೇಮ್‌ನಲ್ಲಿ ಹಿಡಿದರೆ 4 ಹರ್ಟ್ಸ್, ನಾವು ನಾಡಿ ಹುಡುಕುವ 0.7ರಿಂದ 4 ಹರ್ಟ್ಸ್ ವ್ಯಾಪ್ತಿಯ ಅಂಚಿಗೇ ಬಂದು ಕೂರುತ್ತದೆ. ಎಕ್ಸ್‌ಪೋಶರ್ ಸಮಯವನ್ನು, ಅಂದರೆ ಪ್ರತಿ ಫ್ರೇಮಿಗೆ ಕ್ಯಾಮೆರಾ ಬೆಳಕು ಹಿಡಿಯುವ ಸಮಯವನ್ನು, 50 ಹರ್ಟ್ಸ್ ಇರುವ ಕಡೆ ಸೆಕೆಂಡಿನ ನೂರನೇ ಒಂದು ಅಥವಾ ಐವತ್ತನೇ ಒಂದು ಭಾಗಕ್ಕೆ, 60 ಇರುವ ಕಡೆ ನೂರಿಪ್ಪತ್ತನೇ ಒಂದು ಅಥವಾ ಅರವತ್ತನೇ ಒಂದು ಭಾಗಕ್ಕೆ ಇಟ್ಟರೆ ಈ ಕಾಟ ಬಹುತೇಕ ಹೋಗುತ್ತದೆ.

ನನ್ನದೊಂದು ಪೆದ್ದುತನವನ್ನೂ ಹೇಳಿಬಿಡುತ್ತೇನೆ. ರೆಕಾರ್ಡ್ ಆಗುವಾಗಲೇ ನಾಡಿಯ ಗ್ರಾಫ್ ದೊಡ್ಡದಾಗಿ ಸ್ಕ್ರೀನ್ ಮೇಲೆ ಓಡಿಸಿದ್ದೆ, ಸಂಜೆ ಹೊತ್ತು, ಲೈಟ್ ಕಡಿಮೆ. ಸ್ಕ್ರೀನಿನ ಬೆಳಕು ಮುಖದ ಮೇಲೆ ಬೀಳುತ್ತಿತ್ತು, ಗ್ರಾಫ್ ಕುಣಿದ ಹಾಗೆಲ್ಲ ಮುಖದ ಬಣ್ಣ ಬದಲಾಗುತ್ತಿತ್ತು, ಅದನ್ನೇ ನನ್ನ ಪ್ರೋಗ್ರಾಮ್ ನಾಡಿ ಅಂತ ಮತ್ತೆ ಗ್ರಾಫ್‌ಗೆ ಹಾಕುತ್ತಿತ್ತು. ಸ್ಕ್ರೀನ್ ಮಂಕು ಮಾಡಿ, ಅಥವಾ ಅದರಲ್ಲಿ ಏನೂ ಅಲುಗದ ಹಾಗೆ ನೋಡಿಕೊಳ್ಳಿ.

ವಿಡಿಯೋ ಉಳಿಸಬೇಕಾ? ಬೇಡ

ಮಾಮೂಲಿ ಎಂಪಿ4 ಆಗಿ ಉಳಿಸಿದರೆ ಕಂಪ್ರೆಶನ್ ಆಗುತ್ತದೆ. ಕಣ್ಣಿಗೆ ಕಾಣದ್ದನ್ನು ಬಿಸಾಡಿ ಫೈಲ್ ಚಿಕ್ಕದು ಮಾಡುವುದೇ ಕಂಪ್ರೆಶನ್. ನಮ್ಮ ನಾಡಿ ಇರುವುದೂ ಕಣ್ಣಿಗೆ ಕಾಣದ ಆ ಭಾಗದಲ್ಲೇ ಅಲ್ವಾ? ಚಾಟ್ ಆ್ಯಪ್‌ನಲ್ಲಿ ಕಳಿಸಿದ ವಿಡಿಯೋ, ಇಂಟರ್‌ನೆಟ್‌ನಿಂದ ಇಳಿಸಿದ ವಿಡಿಯೋಗಳಲ್ಲಿ ನಾಡಿ ಹುಡುಕಿ ಸಿಗಲಿಲ್ಲ ಅಂತ ಬೇಜಾರಾಗುವವರು ತುಂಬಾ ಜನ. ಅಲ್ಲಿ ಅದು ಬಹುಪಾಲು ಉಳಿದಿರುವುದೇ ಇಲ್ಲ.

ಕಂಪ್ರೆಶನ್ ಇಲ್ಲದೇ ಉಳಿಸಿದರೆ 640×480 ಅಳತೆಯ ಒಂದು ನಿಮಿಷದ ವಿಡಿಯೋವೇ 1.6 ಜಿಬಿ ದಾಟುತ್ತದೆ. ಸುಲಭದ ದಾರಿ ಏನೆಂದರೆ ವಿಡಿಯೋ ಉಳಿಸದೇ ಇರುವುದು. ಫ್ರೇಮ್ ಬಂದ ಹಾಗೆ ಚರ್ಮದ ಭಾಗದ ಕೆಂಪು, ಹಸಿರು, ನೀಲಿ ಸರಾಸರಿ ತೆಗೆದು, ಆ ಮೂರು ಅಂಕಿ ಮತ್ತು ಫ್ರೇಮ್ ಬಂದ ಸಮಯ, ಇಷ್ಟನ್ನು ಒಂದು ಸಾಲಾಗಿ ಬರೆದಿಡಿ. ನಿಮಿಷಕ್ಕೆ 1800 ಸಾಲು, ಅಷ್ಟೇ. ಇನ್ನೊಬ್ಬರ ಮುಖ ನಿಮ್ಮ ಕಂಪ್ಯೂಟರಿನಲ್ಲಿ ಬಿದ್ದಿರುವುದೂ ತಪ್ಪುತ್ತದೆ. ಬೇರೆಯವರ ಮೇಲೆ ಪ್ರಯೋಗ ಮಾಡುವಾಗ ಕೇಳಿಯೇ ಮಾಡಿ. ಗೊತ್ತಿಲ್ಲದ ಹಾಗೆ ಒಬ್ಬರ ಎದೆಬಡಿತ ನೋಡುವುದು ಕದ್ದು ಮಾತು ಕೇಳಿದ ಹಾಗೆಯೇ.

ಸಮಯ ಬರೆದಿಡುವುದನ್ನು ಮರೆಯಬೇಡಿ. ಫ್ರೇಮ್‌ಗಳು ಸಮ ಅಂತರದಲ್ಲಿ ಬರುವುದಿಲ್ಲ, ನಡುವೆ ಕೆಲವು ಬಿದ್ದೂ ಹೋಗುತ್ತವೆ. ಕೊನೆಯಲ್ಲಿ ಆ ಸಮಯಗಳನ್ನು ಹಿಡಿದು ಇಡೀ ಸಾಲನ್ನು ಸಮ ಅಂತರಕ್ಕೆ ಇಂಟರ್‌ಪೊಲೇಟ್ ಮಾಡಿಕೊಳ್ಳಿ, ಅಂದರೆ ನಡುವಿನ ಅಂಕಿಗಳನ್ನು ಅಕ್ಕಪಕ್ಕದವುಗಳಿಂದ ಲೆಕ್ಕ ಹಾಕಿ ತುಂಬಿಕೊಳ್ಳಿ.

ಮುಖದಲ್ಲಿ ಎಲ್ಲಿ ನೋಡಬೇಕು

ಹಣೆ ಮತ್ತು ಎರಡು ಕೆನ್ನೆ. ಕಣ್ಣು ಮಿಟುಕುತ್ತದೆ, ಬಾಯಿ ಅಲುಗುತ್ತದೆ, ಗಡ್ಡ ಚರ್ಮವನ್ನು ಮುಚ್ಚುತ್ತದೆ, ಅವೆಲ್ಲ ಬಿಟ್ಟುಬಿಡಿ. ಹಣೆಯ ಮೇಲೆ ಕೂದಲು ಬಿದ್ದಿದ್ದರೆ ಹಿಂದಕ್ಕೆ ಬಾಚಿಕೊಳ್ಳಿ, ದಪ್ಪ ಮೇಕಪ್ ಇದ್ದರೆ ತೆಗೆಯಿರಿ, ಎಣ್ಣೆ ಅಥವಾ ಬೆವರಿನಿಂದ ಹೊಳೆಯುತ್ತಿದ್ದರೆ ಒರೆಸಿಕೊಳ್ಳಿ. ಆ ಹೊಳಪು ಚರ್ಮದ ಮೇಲಿನಿಂದಲೇ ವಾಪಸ್ ಬಂದ ಬೆಳಕು. ಒಳಗೆ ಹೋಗದೇ ಬಂದ ಬೆಳಕಿಗೆ ರಕ್ತದ ಸುದ್ದಿ ಗೊತ್ತಿರುವುದಿಲ್ಲ.

ಮುಖ ಹುಡುಕಲು ಗೂಗಲ್‌ನ ಉಚಿತ ಸಾಫ್ಟ್‌ವೇರ್ ಮೀಡಿಯಾಪೈಪ್ ಸಾಕು. ಅದರ ಫೇಸ್ ಮೆಶ್ ಮುಖದ ಮೇಲೆ 468 ಬಿಂದು ಕೊಡುತ್ತದೆ, ಬೇಕಾದ ಬಿಂದುಗಳನ್ನು ಸೇರಿಸಿ ಹಣೆ ಮತ್ತು ಕೆನ್ನೆಯ ತುಂಡು ಕತ್ತರಿಸಿಕೊಳ್ಳಬಹುದು. ಬರೀ ಮುಖದ ಸುತ್ತ ಚೌಕ ಕೊಡುವ ಹಳೇ ವಿಧಾನ ಬಳಸಿದರೆ ಚೌಕ ಪ್ರತಿ ಫ್ರೇಮಿನಲ್ಲೂ ಒಂದೆರಡು ಪಿಕ್ಸೆಲ್ ನಡುಗುತ್ತದೆ, ಆ ನಡುಕವೇ ನಾಡಿಗಿಂತ ದೊಡ್ಡದಾಗಿಬಿಡುತ್ತದೆ. ಬಿಂದುಗಳೂ ನಡುಗುತ್ತವೆ, ಆದರೆ ಕಡಿಮೆ. ಹಿಂದಿನ ನಾಲ್ಕೈದು ಫ್ರೇಮ್‌ಗಳ ಸರಾಸರಿ ಜಾಗ ತೆಗೆದುಕೊಂಡರೆ ಇನ್ನೂ ಒಳ್ಳೆಯದು.

ಸರಾಸರಿಗೆ ಪಿಕ್ಸೆಲ್ ಎಷ್ಟಿದ್ದರೆ ಅಷ್ಟು ಲಾಭ. ಒಂದು ಪಿಕ್ಸೆಲ್‌ನಲ್ಲಿ ನಾಡಿ ಕ್ಯಾಮೆರಾದ ಗದ್ದಲದಲ್ಲಿ, ಅಂದರೆ ಅಂಕಿಗಳ ಸುಮ್ಮಸುಮ್ಮನೆ ಏರಿಳಿತದಲ್ಲಿ, ಮುಳುಗಿರುತ್ತದೆ. 100×100ರ ತುಂಡು, ಅಂದರೆ 10,000 ಪಿಕ್ಸೆಲ್ ಸರಾಸರಿ ಮಾಡಿದರೆ ಗದ್ದಲ ಸುಮಾರು ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ನಾಡಿ ಮಾತ್ರ ಹಾಗೇ ಉಳಿಯುತ್ತದೆ. ಒಂದು ಅಂಕಿಗಿಂತ ಸಣ್ಣ ಬದಲಾವಣೆ ಸಿಗುವುದು ಈ ದಾರಿಯಲ್ಲೇ. ಆದ್ದರಿಂದ ಕ್ಯಾಮೆರಾದ ಹತ್ತಿರ ಕೂರಿ, ಮುಖ ಕನಿಷ್ಠ 200 ಪಿಕ್ಸೆಲ್ ಅಗಲ ಬರಲಿ.

ಮೂರು ಬಣ್ಣದಿಂದ ಒಂದು ಅಲೆ

ಮೊದಲ ದಿನ ಹಸಿರನ್ನು ಮಾತ್ರ ತೆಗೆದುಕೊಳ್ಳಿ. ಅಲುಗದೇ ಕೂತಿದ್ದರೆ ಅದೇ ಸಾಕು. ರಕ್ತ ಜಾಸ್ತಿಯಾದಾಗ ಹೊಳಪು ಕಡಿಮೆಯಾಗುವುದರಿಂದ ಅಲೆ ತಲೆಕೆಳಗಾಗಿರುತ್ತದೆ, ಚಿಹ್ನೆ ಬದಲಿಸಿಕೊಳ್ಳಿ.

ತಲೆ ಸ್ವಲ್ಪ ಅಲುಗಿದರೂ ಹಸಿರೊಂದನ್ನೇ ನಂಬಿದವರು ಕೆಡುತ್ತಾರೆ. ಆಗ ಬೇಕಾಗುವುದು ಮೂರೂ ಬಣ್ಣ ಬೆರೆಸಿ ನಾಡಿ ತೆಗೆಯುವ ವಿಧಾನ, 2013ರ ಕ್ರೋಮ್ ಅಥವಾ 2017ರ ಪಾಸ್. ನನಗೆ ಪಾಸ್ ಇಷ್ಟ, ಯಾಕೆಂದರೆ ಹತ್ತು ಸಾಲಿನಲ್ಲಿ ಬರೆಯಬಹುದು, ತರಬೇತಿ ಕೊಟ್ಟ ಮಾಡೆಲ್ ಏನೂ ಬೇಡ. 1.6 ಸೆಕೆಂಡಿನ ತುಂಡು ತೆಗೆದುಕೊಳ್ಳಿ. ಅದರಲ್ಲಿ ಪ್ರತಿ ಬಣ್ಣವನ್ನು ಅದರದೇ ಸರಾಸರಿಯಿಂದ ಭಾಗಿಸಿ. ಈಗ ಎರಡು ಅಲೆ ಮಾಡಿ. ಮೊದಲನೆಯದು ಹಸಿರಿನಿಂದ ನೀಲಿ ಕಳೆದದ್ದು. ಎರಡನೆಯದು ಹಸಿರಿಗೆ ನೀಲಿ ಕೂಡಿಸಿ, ಕೆಂಪಿನ ಎರಡರಷ್ಟು ಕಳೆದದ್ದು. ಮೊದಲನೆಯದರ ಸ್ಟ್ಯಾಂಡರ್ಡ್ ಡೀವಿಯೇಶನ್ (ಸರಾಸರಿಯಿಂದ ಎಷ್ಟು ಹರಡಿದೆ ಅನ್ನುವ ಅಳತೆ) ಅನ್ನು ಎರಡನೆಯದರದ್ದರಿಂದ ಭಾಗಿಸಿ, ಆ ಅಂಕಿಯಿಂದ ಎರಡನೆಯ ಅಲೆಯನ್ನು ಗುಣಿಸಿ, ಮೊದಲನೆಯದಕ್ಕೆ ಸೇರಿಸಿ. ಬಂದದ್ದರಿಂದ ಅದರ ಸರಾಸರಿ ಕಳೆಯಿರಿ. ತುಂಡನ್ನು ಒಂದು ಫ್ರೇಮ್ ಮುಂದೆ ಸರಿಸಿ ಮತ್ತೆ ಅದನ್ನೇ ಮಾಡಿ, ಬಂದದ್ದನ್ನೆಲ್ಲ ಒಂದರ ಮೇಲೊಂದು ಕೂಡಿಸುತ್ತಾ ಹೋಗಿ.

ಇದರ ಗುಟ್ಟು ಸರಳ. ತಲೆ ದೀಪದ ಹತ್ತಿರ ಸರಿದರೆ ಮೂರೂ ಬಣ್ಣ ಒಂದೇ ಪ್ರಮಾಣದಲ್ಲಿ ಏರುತ್ತವೆ. ಸರಾಸರಿಯಿಂದ ಭಾಗಿಸಿದ ಮೇಲೆ ಆ ಏರಿಕೆ ಎರಡೂ ಕಳೆಯುವಿಕೆಯಲ್ಲಿ ಸೊನ್ನೆಯಾಗಿ ಹೋಗುತ್ತದೆ. ರಕ್ತ ಮಾತ್ರ ಮೂರು ಬಣ್ಣವನ್ನು ಬೇರೆ ಬೇರೆ ಪ್ರಮಾಣದಲ್ಲಿ ಮುಟ್ಟುವುದರಿಂದ ಉಳಿದುಕೊಳ್ಳುತ್ತದೆ.

ಅಲೆಯಿಂದ ನಂಬರ್

ಬೇಕಾದ ವೇಗದ ಏರಿಳಿತಗಳನ್ನು ಮಾತ್ರ ಬಿಡುವ ಬ್ಯಾಂಡ್‌ಪಾಸ್ ಫಿಲ್ಟರ್ ಹಾಕಿ, 0.7ರಿಂದ 4 ಹರ್ಟ್ಸ್, ಅಂದರೆ ನಿಮಿಷಕ್ಕೆ 42ರಿಂದ 240 ಬಡಿತ. ಪೈಥಾನ್ ಭಾಷೆಯ ಸೈಪೈ ಕೋಡ್ ಸಂಗ್ರಹದಲ್ಲಿ ಬಟರ್‌ವರ್ತ್ ಅನ್ನುವ ಇಂಥ ಫಿಲ್ಟರ್ ಇದೆ, ಮುಂದಕ್ಕೂ ಹಿಂದಕ್ಕೂ ಓಡಿಸಿ, ಆಗ ಅಲೆ ಪಕ್ಕಕ್ಕೆ ಸರಿಯುವುದಿಲ್ಲ. ನಂತರ ಅಲೆಯಲ್ಲಿ ಯಾವ ವೇಗದ ಏರಿಳಿತ ಎಷ್ಟಿದೆ ಅಂತ ತೋರಿಸುವ ಫೂರಿಯೇ ರೂಪಾಂತರ ಮಾಡಿ, ಎತ್ತರದ ಶಿಖರ ಎಲ್ಲಿದೆ ನೋಡಿ, ಅದನ್ನು 60ರಿಂದ ಗುಣಿಸಿ.

ಎಷ್ಟು ಹೊತ್ತಿನ ವಿಡಿಯೋ ಬೇಕು ಅನ್ನುವುದಕ್ಕೆ ಲೆಕ್ಕ ಇದೆ. 10 ಸೆಕೆಂಡ್ ತೆಗೆದುಕೊಂಡರೆ ಸುಮಾರು 6 ಬಡಿತದ ಮೆಟ್ಟಿಲುಗಳಲ್ಲಿ ಉತ್ತರ ಬರುತ್ತದೆ, 30 ಸೆಕೆಂಡ್ ಆದರೆ 2ರ ಮೆಟ್ಟಿಲು. 5 ಸೆಕೆಂಡಿನಲ್ಲಿ 71.3 ಅಂತ ದಶಮಾಂಶದಲ್ಲಿ ಹೇಳುವ ಆ್ಯಪ್ ಕಂಡರೆ ನಗು ಬರುತ್ತದೆ. ನಾನು 30 ಸೆಕೆಂಡಿನ ತುಂಡು ಇಟ್ಟುಕೊಂಡು ಸೆಕೆಂಡಿಗೊಮ್ಮೆ ಮುಂದೆ ಸರಿಸುತ್ತೇನೆ.

ಈಗ ಗೋಡೆಯ ವಿಷಯ. ಆಗ ನಾನಿನ್ನೂ ಮುಖ ಹುಡುಕುವ ಭಾಗ ಬರೆದಿರಲಿಲ್ಲ, ಚೌಕ ಒಂದೇ ಕಡೆ ನಿಂತಿತ್ತು. ಅದಕ್ಕಿಂತ ದೊಡ್ಡ ತಪ್ಪು, ಗ್ರಾಫ್ ಅಂದವಾಗಿ ಕಾಣಲಿ ಅಂತ ಫಿಲ್ಟರ್ ಅನ್ನು 1ರಿಂದ 1.5 ಹರ್ಟ್ಸ್‌ಗೆ ಬಿಗಿ ಮಾಡಿದ್ದೆ. ಅಂದರೆ 60ರಿಂದ 90. ಇಷ್ಟು ಇಕ್ಕಟ್ಟಿನ ಫಿಲ್ಟರ್‌ನಲ್ಲಿ ಏನು ಹಾಕಿದರೂ, ಶುದ್ಧ ಗದ್ದಲ ಹಾಕಿದರೂ, ನಾಡಿಯ ಹಾಗೇ ಕಾಣುವ ಅಲೆ ಹೊರಗೆ ಬರುತ್ತದೆ, ಉತ್ತರ 60 ಮತ್ತು 90ರ ನಡುವೆಯೇ ಇರುತ್ತದೆ. ಸುಮ್ಮನೆ ಕೂತ ಮನುಷ್ಯನ ನಾಡಿಯೂ ಹೆಚ್ಚಾಗಿ ಅಲ್ಲೇ ಇರುವುದರಿಂದ ಸರಿಯಾಗಿದೆ ಅಂತಲೇ ಅನ್ನಿಸುತ್ತದೆ. ಅವತ್ತಿನ ನನ್ನ 72ಕ್ಕೂ ಗೋಡೆಯ 74ಕ್ಕೂ ವ್ಯತ್ಯಾಸವೇ ಇರಲಿಲ್ಲ, ಎರಡೂ ಫಿಲ್ಟರ್ ಹೆತ್ತ ಮಕ್ಕಳು.

ಅದಕ್ಕೆ ನಾನು ಈಗ ಮಾಡುವ ಪರೀಕ್ಷೆಗಳು ಇವು. ಒಂದು, ಪ್ರತಿ ರೆಕಾರ್ಡಿಂಗ್‌ನಲ್ಲೂ ಹಿಂದಿನ ಗೋಡೆಯ ಒಂದು ತುಂಡಿನ ಸರಾಸರಿಯನ್ನೂ ಬರೆದಿಡುತ್ತೇನೆ, ಮುಖಕ್ಕೆ ಮಾಡಿದ್ದನ್ನೆಲ್ಲ ಅದಕ್ಕೂ ಮಾಡುತ್ತೇನೆ. ಗೋಡೆಯಲ್ಲೂ ಅದೇ ಜಾಗದಲ್ಲಿ ಶಿಖರ ಬಂದರೆ ಆ ರೆಕಾರ್ಡಿಂಗ್ ಕಸದ ಬುಟ್ಟಿಗೆ. ಎರಡು, ಮುದ್ರಿಸಿದ ಫೋಟೋವನ್ನು ಕ್ಯಾಮೆರಾ ಮುಂದೆ ಇಡುತ್ತೇನೆ, ಮುಖ ಹುಡುಕುವ ಭಾಗ ಅದನ್ನು ಮುಖ ಅಂತ ಒಪ್ಪಿಕೊಳ್ಳುತ್ತದೆ, ನಾಡಿ ಮಾತ್ರ ಸಿಗಬಾರದು. ಮೂರನೆಯದೇ ಎಲ್ಲಕ್ಕಿಂತ ಗಟ್ಟಿ. ನಾಲ್ಕು ಮಹಡಿ ಹತ್ತಿ ಬಂದು ಏದುಸಿರು ಬಿಡುತ್ತಾ ಕೂತು, ಮೂರು ನಿಮಿಷ ರೆಕಾರ್ಡ್ ಮಾಡಿ. ಬೆರಳಿಗೆ ಆಕ್ಸಿಮೀಟರ್ ಇರಲಿ. ಶುರುವಿನಲ್ಲಿ ಜಾಸ್ತಿ ಇದ್ದು ನಿಧಾನಕ್ಕೆ ಇಳಿಯುವ ಗೆರೆ ಎರಡರಲ್ಲೂ ಜೊತೆಜೊತೆಯಾಗಿ ಬಂದರೆ ನಿಮ್ಮ ಕೆಲಸ ಸರಿ ಇದೆ. ಯಾವಾಗಲೂ 75 ಅಂತ ಊಹಿಸುವ ಪ್ರೋಗ್ರಾಮ್ ಇಲ್ಲಿ ಸಿಕ್ಕಿಬೀಳುತ್ತದೆ.

ಇನ್ನೊಂದು ಸೂಚನೆ, ನಿಜವಾದ ನಾಡಿಯ ಅಲೆ ಶುದ್ಧ ಸೈನ್ ಅಲೆ ಅಲ್ಲ, ಥಟ್ಟನೆ ಏರಿ ನಿಧಾನಕ್ಕೆ ಇಳಿಯುತ್ತದೆ. ಹಾಗಾಗಿ 1.2 ಹರ್ಟ್ಸ್‌ನಲ್ಲಿ ಶಿಖರ ಇದ್ದರೆ ಅದರ ಎರಡರಷ್ಟಾದ 2.4ರಲ್ಲಿ ಅದರ ಚಿಕ್ಕ ತಮ್ಮನೂ ಕಾಣಬೇಕು. ಕಂಡರೆ ಧೈರ್ಯ ಬರುತ್ತದೆ. ಕಾಲು ಕುಣಿಸುತ್ತಾ, ಹಾಡು ಕೇಳುತ್ತಾ ಕೂತರೆ ತಾಳದ ಶಿಖರವೂ ಬರುತ್ತದೆ, ಅದು ಬೇರೆ ಕಥೆ.

ಚರ್ಮದ ಬಣ್ಣ, ಮತ್ತು ನಂಬಬಾರದ ಮಾತುಗಳು

ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ಜಾಸ್ತಿ ಇದ್ದಷ್ಟೂ ಅದು ಬೆಳಕನ್ನು ಮೊದಲೇ ಹೀರುತ್ತದೆ, ರಕ್ತದವರೆಗೆ ಹೋಗಿ ವಾಪಸ್ ಬರುವ ಬೆಳಕು ಕಡಿಮೆ. ಕಪ್ಪು ಚರ್ಮದ ಮೇಲೆ ಸಿಗ್ನಲ್ ಸಣ್ಣದಾಗುತ್ತದೆ, ತಪ್ಪು ಜಾಸ್ತಿಯಾಗುತ್ತದೆ. ಬಿಳಿ ಚರ್ಮದವರ ವಿಡಿಯೋಗಳೇ ಹೆಚ್ಚಿರುವ ಸಂಗ್ರಹದಲ್ಲಿ ತರಬೇತಿ ಪಡೆದ ಮಾಡೆಲ್‌ಗಳು ಇದನ್ನು ಇನ್ನಷ್ಟು ಹದಗೆಡಿಸುತ್ತವೆ. ನಾವು ಮಾಡಬಹುದಾದದ್ದು ಬೆಳಕು ಹೆಚ್ಚಿಸುವುದು, ಮುಖದ ಮೇಲೆ ಯಾವ ಬಣ್ಣವೂ 255ಕ್ಕೆ ತಾಗದ ಹಾಗೆ ನೋಡಿಕೊಂಡು ಎಕ್ಸ್‌ಪೋಶರ್ ಏರಿಸುವುದು, ತುಂಡಿನ ಅಳತೆ ದೊಡ್ಡದು ಮಾಡುವುದು. ಒಬ್ಬರ ಮುಖದ ಮೇಲೆ ಕೆಲಸ ಮಾಡಿತು ಅಂತ ಎಲ್ಲರಿಗೂ ಆಗುತ್ತದೆ ಅನ್ನಬೇಡಿ.

ಸರಾಸರಿ ನಾಡಿ ಸಿಗುವುದು ನಿಜ, ಉಸಿರಾಟದ ವೇಗವೂ ಒಳ್ಳೆಯ ರೆಕಾರ್ಡಿಂಗ್‌ನಲ್ಲಿ ಸಿಗುತ್ತದೆ. ಮೈಗೆ ಏನಾದರೂ ಅಂಟಿಸಿದರೆ ಚರ್ಮ ಕಿತ್ತುಬರುವಷ್ಟು ಸೂಕ್ಷ್ಮವಾಗಿರುವ, ದಿನ ತುಂಬದೇ ಹುಟ್ಟಿದ ಕೂಸುಗಳಿಗೆ ಇದು ಉಪಕಾರಕ್ಕೆ ಬರಬಹುದು ಅಂತ ಆಸ್ಪತ್ರೆಗಳಲ್ಲಿ ಪ್ರಯೋಗಗಳೂ ನಡೆದಿವೆ. ಆದರೆ ಮುಖ ನೋಡಿ ಬಿಪಿ ಹೇಳುತ್ತೇವೆ ಅನ್ನುವ ಆ್ಯಪ್‌ಗಳನ್ನು ನಂಬಿ ಮಾತ್ರೆ ಹೆಚ್ಚು ಕಡಿಮೆ ಮಾಡಬೇಡಿ. ಸಕ್ಕರೆ ಹೇಳುತ್ತೇವೆ ಅನ್ನುವವುಗಳನ್ನು ಇಳಿಸಲೇಬೇಡಿ. ಎದೆಬಡಿತ ಎಡವಟ್ಟಾಗಿದೆ ಅನ್ನಿಸಿದರೆ ವೆಬ್‌ಕ್ಯಾಮ್ ಮುಂದೆ ಕೂರುವುದಲ್ಲ, ಇಸಿಜಿ ಮಾಡಿಸುವುದು.

ಮುಖದ ನಕ್ಷೆ

ಇಷ್ಟು ಕೈಗೆ ಹತ್ತಿದ ಮೇಲೆ ಮಜಾ ಇರುವುದು ಇದರಲ್ಲಿ. ಮುಖವನ್ನು 20×20 ಪಿಕ್ಸೆಲ್ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕಕ್ಕೂ ಒಂದು ನಿಮಿಷದ ಹಸಿರು ಸಾಲು ಬರೆದುಕೊಳ್ಳಿ, ಅದರದೇ ಸರಾಸರಿಯಿಂದ ಭಾಗಿಸಿ. ಇಡೀ ಹಣೆ, ಕೆನ್ನೆಯಿಂದ ಸಿಕ್ಕ ಅಲೆಯನ್ನು ಮಾದರಿಯಾಗಿ ಇಟ್ಟುಕೊಂಡು, ಪ್ರತಿ ಚೌಕದಲ್ಲಿ ಆ ಲಯ ಎಷ್ಟಿದೆ ಅಂತ ಲೆಕ್ಕ ಹಾಕಿ ಬಣ್ಣ ತುಂಬಿ. ನಾಡಿ ಎಲ್ಲಿ ಗಟ್ಟಿ, ಎಲ್ಲಿ ಸಪ್ಪೆ ಅನ್ನುವ ಚಿತ್ರ ಎದ್ದುಬರುತ್ತದೆ. ಇದೇ ಲಯವನ್ನು ವಿಡಿಯೋದಲ್ಲೇ ಹಿಗ್ಗಿಸಿ ಮುಖ ಕೆಂಪಾಗಿ ಬಿಳುಚುವುದನ್ನು ಕಣ್ಣಿಗೇ ತೋರಿಸಿದ್ದು 2012ರ ಎಂಐಟಿ ತಂಡ.

ಮೊದಲ ನಕ್ಷೆಯಲ್ಲಿ ನಿಮಗೆ ಎಲ್ಲಕ್ಕಿಂತ ಜೋರಾಗಿ ಹೊಳೆಯುವುದು ದವಡೆಯ ಗೆರೆ, ಹುಬ್ಬು, ಮೂಗಿನ ಅಂಚು. ಇಲ್ಲಿ ರಕ್ತ ಜಾಸ್ತಿ ಅಂತ ತಿಳಿಯಬೇಡಿ. ಪ್ರತಿ ಬಡಿತಕ್ಕೂ ತಲೆ ಕಾಣದಷ್ಟು ಅಲುಗುತ್ತದೆ, ಕಪ್ಪು ಬಿಳುಪು ಸೇರುವ ಅಂಚಿನಲ್ಲಿ ಆ ಅಲುಗಾಟ ದೊಡ್ಡ ಬದಲಾವಣೆಯಾಗಿ ಕಾಣುತ್ತದೆ. ಈ ಅಲುಗಾಟದಿಂದಲೇ ನಾಡಿ ಹಿಡಿಯುವ ವಿಧಾನವೂ 2013ರಲ್ಲಿ ಬಂತು, ಆದರೆ ನಮ್ಮ ನಕ್ಷೆಗೆ ಅದು ಕಸ. ಅಂಚು ಇರುವ ಚೌಕಗಳನ್ನು ತೆಗೆದುಹಾಕಿ ಮತ್ತೆ ಬಣ್ಣ ತುಂಬಿ. ಹಿಂದಿನ ಗೋಡೆಯ ಚೌಕಗಳನ್ನು ಮಾತ್ರ ತೆಗೆಯಬೇಡಿ. ಅವು ಕಪ್ಪಾಗಿಯೇ ಉಳಿದಿವೆಯಾ ಅಂತ ನಾನು ಈಗಲೂ ಮೊದಲು ಅದನ್ನೇ ನೋಡುವುದು.